ಏಳನೇ ಮೊಳೆ ಖಾಲಿಯಿಲ್ಲ

ಹೇಳಿದ್ದೆನೋ ಇಲ್ಲವೋ? ಕಳೆದ ವಾರ ಇದೇ ಜಾಗದಲ್ಲಿ ಎದೆ ತಟ್ಟಿಕೊಂಡು ಹೇಳಿದ್ದೆ: ಈ ವಾರ ಲಾಂಡ್ರಿಯ ಕಳ್ಳ ಸಿಗದಿದ್ದರೆ ಅರ್ಧ ಮೀಸೆ ಬೋಳಿಸಿಕೊಂಡು ಪತ್ರಿಕೆಯ ಆಫೀಸಿನ ಮುಂದೆ ನಿಲ್ಲುತ್ತೇನೆ ಅಂತ. ಬ್ಲೇಡು ಹಿಡಿದು ಕಾಯುತ್ತಿರುವವರೆಲ್ಲ ಅದನ್ನು ದಯವಿಟ್ಟು ಒಳಗಿಡಿ. ಬೇರೆ ಪತ್ತೇದಾರಿ ಕತೆಗಳಲ್ಲಿ ಕಳ್ಳನನ್ನು ಹಿಡಿಯಲು ಪಿಸ್ತೂಲು ಬೇಕು, ಉದ್ದ ಕೋಟು ಬೇಕು, ಕಾರಿನ ಹಿಂದೆ ಕಾರು ಓಡಬೇಕು. ನನಗೆ ಒಂದು ಲಾಂಡ್ರಿ, ಒಬ್ಬ ಹೆಂಗಸು, ಒಂದು ಹರಿದ ದಿಂಬಿನ ಕವರು ಸಾಕು. ಸೀಟಿನ ತುದಿಗೆ ಬನ್ನಿ. ಲೈಟ್ ಆಫ್.

ಹೊಸದಾಗಿ ಬಂದವರಿಗೆ ಒಂದೇ ಸಾಲು: ಮೂರು ತಿಂಗಳಿಂದ ಆರು ಜನ ಕೆಲಸಗಾರರ ಸಂಬಳದಲ್ಲಿ ಹಿಡಿದ ತೆರಿಗೆ ಲಾಂಡ್ರಿಯ ಖಾತೆಯಿಂದ ಹೊರಟಿದೆ, ತೆರಿಗೆ ಆಫೀಸಿಗೆ ಮಾತ್ರ ತಲುಪಿಲ್ಲ, ಇವತ್ತು ನಾಲ್ಕು ಗಂಟೆಯೊಳಗೆ ಅದು ಎಲ್ಲಿ ಹೋಯಿತೆಂದು ತೋರಿಸದಿದ್ದರೆ ಖಾತೆಗೆ ಬೀಗ, ಮತ್ತು ನಾಳೆ ಸಂಬಳದ ದಿನ.

"ಡಬ್ಬಿ ತೆಗೀರಿ ಮಾಮ," ಎಂದಳು ಅಕ್ಕ.

ಮಧ್ಯಾಹ್ನ ಎರಡು ಗಂಟೆ. ಬಟ್ಟೆ ಮಡಿಸುವ ಕೋಣೆ. ಉದ್ದನೆಯ ಮೇಜಿನ ಈ ತುದಿಯಲ್ಲಿ ಲಾಂಡ್ರಿಯ ಒಡತಿ, ಕೆಲಸಗಾರರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರ ಬಾಯಲ್ಲೂ ಅಕ್ಕ. ಆ ತುದಿಯಲ್ಲಿ ಲೆಕ್ಕದ ಮಾಮ, ಅವಳ ಅಪ್ಪನ ಹಳೇ ಸ್ನೇಹಿತ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ವಾರಕ್ಕೊಮ್ಮೆ ಬಂದು ಲೆಕ್ಕ ನೋಡಿಕೊಡುವವರು. ಅವರ ತೊಡೆಯ ಮೇಲೆ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಇಬ್ಬರ ನಡುವೆ ಹೋಟೆಲಿನ ನಲವತ್ತು ಬಿಳಿ ಬೆಡ್‌ಶೀಟುಗಳು, ಗಡಿಯಲ್ಲಿ ಕಟ್ಟಿದ ಗೋಡೆಯ ಹಾಗೆ.

"ಕೊನೆಗೆ ನನ್ನ ಬುಡಕ್ಕೇ ಬಂತಾ?" ಮಾಮ ಕನ್ನಡಕ ತೆಗೆದು ಒರೆಸಿದರು. "ಹೋದ ವಾರ ನೀನು ವ್ಯಾನ್ ಡ್ರೈವರ್ ಜೇಬು ನೋಡ್ದೆ. ಅದಕ್ಕೂ ಮುಂಚೆ ಇಸ್ತ್ರಿಯೋನ ಬೆನ್ನು ಹತ್ತಿದ್ದೆ. ಈಗ ನಾನು."

"ಬೆನ್ನು ಹತ್ತಲಿಲ್ಲ ಮಾಮ, ಅವರೇ ನನ್ನ ಬೆನ್ನು ಹತ್ತಿದ್ರು."

ಅದು ನಿಜ. ಇಸ್ತ್ರಿ ಅಣ್ಣ ಇಪ್ಪತ್ತು ವರ್ಷದಿಂದ ಅಲ್ಲೇ ಇಸ್ತ್ರಿ ತಿಕ್ಕುವವನು. ಮಗಳ ಕಾಲೇಜು ಫೀಸಿನಲ್ಲಿ ರಿಯಾಯಿತಿ ಸಿಗಬೇಕೆಂದರೆ ತೆರಿಗೆ ಕಟ್ಟಿದ ಕಾಗದ ಬೇಕು ಎಂದು ತೆರಿಗೆ ಆಫೀಸಿಗೆ ಹೋಗಿದ್ದ. ಅಲ್ಲಿ ಅವನ ಹೆಸರಿನ ಮುಂದೆ ಮೂರು ತಿಂಗಳು ಸೊನ್ನೆ, ಸೊನ್ನೆ, ಸೊನ್ನೆ. ವಾಪಸ್ ಬಂದವನು ಎಲ್ಲರ ಮುಂದೆ ಕೇಳಿದ್ದು ಒಂದೇ ಮಾತು: "ನಮ್ಮ ಸಂಬಳದಲ್ಲಿ ಹಿಡಿದಿದ್ದು ಎಲ್ಲೋಯ್ತು ಅಕ್ಕ?"

ಸಿಟ್ಟಿನಿಂದ ಕೇಳಿದ್ದರೆ ಅಕ್ಕನೂ ಸಿಟ್ಟಿನಿಂದ ಉತ್ತರ ಕೊಡುತ್ತಿದ್ದಳು. ಅವನು ಮೆಲ್ಲಗೆ ಕೇಳಿದ್ದ. ಅದಕ್ಕೇ ಅವತ್ತಿನಿಂದ ಅವಳು ಕಳ್ಳನ ಬೆನ್ನು ಬಿಟ್ಟಿರಲಿಲ್ಲ.

"ಚಲನ್ ಬರೆದೋಳು ನಾನು," ಅಕ್ಕ ಬೆರಳು ಮಡಿಸಿದಳು. "ಚೆಕ್ಕಿಗೆ ಸಹಿ ಹಾಕಿದೋಳು ನಾನು. ಬ್ಯಾಂಕಿಗೆ ತಗೊಂಡು ಹೋದೋರು ನೀವು. ರಸೀದಿ ಇಡೋದು ನಿಮ್ಮ ಮನೇಲಿ, ಈ ಡಬ್ಬೀಲಿ. ಯಾಕೆ?"

"ನಿನ್ನ ಲಾಂಡ್ರೀಲಿ ಕಾಗದ ಇಟ್ರೆ ತಿಂಗಳೊಪ್ಪತ್ತಲ್ಲಿ ಟಿಶ್ಯೂ ಆಗತ್ತೆ. ಅದಕ್ಕೆ."

ಅದೂ ನಿಜವೇ, ಏನು ಮಾಡುತ್ತೀರಿ. ಆ ಹಬೆಯಲ್ಲಿ ಕಾಗದ ಬಾಳುವುದಿಲ್ಲ. ಅದಕ್ಕಾಗಿಯೇ ಅಪ್ಪನ ಕಾಲದಿಂದ ಅಲ್ಲಿ ಮುಖ್ಯವಾದದ್ದೆಲ್ಲ ಬಟ್ಟೆಯ ಮೇಲೆ. ಹೋಟೆಲುಗಳ ಫೋನ್ ನಂಬರು ಬಿಳಿ ಬಟ್ಟೆಯ ಪಟ್ಟಿಯ ಮೇಲೆ. ಬಾಯ್ಲರ್ ರಿಪೇರಿಯವನ ವಿಳಾಸ ಪಟ್ಟಿಯ ಮೇಲೆ. ಲಾಂಡ್ರಿಯ ತೆರಿಗೆ ನಂಬರು ಕೂಡ ಪಟ್ಟಿಯ ಮೇಲೆ, ಮೇಜಿನ ಹಿಂದಿನ ಕೊಕ್ಕೆಗೆ ನೇತು ಬಿದ್ದಿತ್ತು. ಸಂಬಳದ ಲೆಕ್ಕ ಕಲಿಯಬೇಕೆಂದು ಹಟ ಹಿಡಿದಾಗ ಅಕ್ಕ ನೋಟ್‌ಬುಕ್ ಕೊಳ್ಳಲಿಲ್ಲ. ಹೋಟೆಲಿನವರು ಎಸೆದ ಹರಿದ ದಿಂಬಿನ ಕವರಿನ ಮೇಲೆ ಗೆರೆ ಎಳೆದು, ಬಟ್ಟೆಗೆ ಗುರುತು ಹಾಕುವ ಇಂಕಿನಲ್ಲಿ ಬರೆದು ಕಲಿತಳು.

ಬಾಗಿಲ ಹತ್ತಿರ ಕೆಮ್ಮು ಕೇಳಿಸಿತು. ಇಸ್ತ್ರಿ ಅಣ್ಣ. ಕದ್ದು ಕೇಳಲು ಬಂದವನು ಸಿಕ್ಕಿಬಿದ್ದು, ಟೋಪಿ ನೇತು ಹಾಕಲು ಬಂದವನ ಹಾಗೆ ನಟಿಸುತ್ತಿದ್ದ. ಗೋಡೆಯಲ್ಲಿ ಏಳು ಮೊಳೆಗಳು. ಆರರಲ್ಲಿ ಆರು ಜನರ ಊಟದ ಚೀಲ. ಅವನ ಕೈ ಏಳನೆಯದಕ್ಕೆ ಹೋಯಿತು.

"ಅಣ್ಣ, ಅದಕ್ಕೆ ಬೇಡ."

"ಖಾಲಿ ಇದೆಯಲ್ಲ ಅಕ್ಕ."

"ಅಪ್ಪ ಏನಂತಿದ್ರು?"

"ಅದು ಖಾಲಿಯಿಲ್ಲ ಅಂತಿದ್ರು." ಇಸ್ತ್ರಿ ಅಣ್ಣ ಟೋಪಿಯನ್ನು ವಾಪಸ್ ತಲೆಗೇ ಹಾಕಿಕೊಂಡ. "ಇಪ್ಪತ್ತು ವರ್ಷ ಆಯ್ತು, ಅದ್ರಲ್ಲಿ ಒಂದು ಕರ್ಚೀಪೂ ನೋಡ್ಲಿಲ್ಲ ನಾನು. ಇರ್ಲಿ, ನೀವು ಮುಂದುವರಿಸಿ. ನಾನು ಇಲ್ಲಿಲ್ಲ."

ಮಾಮ ಡಬ್ಬಿಯ ಮುಚ್ಚಳ ತೆಗೆದರು. ಚಲನಿನಿಂದಲೇ ಹರಿದು ಬ್ಯಾಂಕು ಸೀಲು ಹಾಕಿ ಕೊಟ್ಟ ಮೂರು ರಸೀದಿ ತೆಗೆದು ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಸಿನಿಮಾದಲ್ಲಿ ಇಸ್ಪೀಟಿನ ಎಕ್ಕ ಇಡುತ್ತಾರಲ್ಲ, ಹಾಗೆ.

"ನೋಡಮ್ಮ. ಸುಳ್ಳಿದ್ರೆ ಇವತ್ತೇ ಪೊಲೀಸ್ ಕರಿ. ನಾನೇ ಫೋನ್ ಮಾಡಿಕೊಡ್ತೀನಿ."

ಅಕ್ಕ ಪೊಲೀಸರನ್ನು ಕರೆಯಲಿಲ್ಲ. ಕಲೆ ನೋಡುವ ಮೇಜಿನ ದೀಪ ಹಾಕಿದಳು. ಗಾಜಿನ ಮೇಲ್ಮೈ, ಕೆಳಗೆ ಬಲ್ಬು. ಸೀರೆ ಇರಲಿ, ಸೂಟ್ ಇರಲಿ, ಅದರ ಮೇಲಿಟ್ಟರೆ ಹತ್ತು ವರ್ಷದ ಹಳೇ ಕಲೆಯೂ ಬಾಯಿ ಬಿಡುತ್ತದೆ. ಮೊದಲ ರಸೀದಿ ಇಟ್ಟಳು.

ಬ್ಯಾಂಕಿನ ಸೀಲು ಅಸಲಿ. ತಾರೀಕು ಐದು, ಏಳರೊಳಗೆ ಕಟ್ಟಬೇಕು, ಕಟ್ಟಿದೆ. ಮೊತ್ತ ಅವಳ ದಿಂಬಿನ ಕವರಿನಲ್ಲಿದ್ದಷ್ಟೇ, ಚಿಲ್ಲರೆ ಸಮೇತ. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ.

ಅಂದರೆ ಮಾಮ ಒಂದು ಪೈಸೆ ಮುಟ್ಟಿಲ್ಲ.

ಅಕ್ಕನ ಕಿವಿ ಬಿಸಿಯಾಯಿತು. ದುಡ್ಡು ಬ್ಯಾಂಕಿಗೆ ಹೋಗಿದೆ. ಬ್ಯಾಂಕಿನಿಂದ ಸರ್ಕಾರಕ್ಕೆ ಹೋಗಿದೆ. ಸರ್ಕಾರ ಬಂದಿಲ್ಲ ಎನ್ನುತ್ತಿದೆ. ಮಾಯಾಬಜಾರ್ ಏನು ಇದು? ಅವಳು ಮತ್ತೆ ಮೇಲಿನಿಂದ ಓದಿದಳು. ಹೆಸರು. ತಿಂಗಳು. ತೆರಿಗೆ ನಂಬರು, ಕೊನೆಯ ಎರಡು ಅಂಕಿ, ಆರು, ಎರಡು.

ಆರು.

ಆ ಆರರ ಹೊಟ್ಟೆಯೊಳಗೆ ಒಂದು ಸಣ್ಣ ಚುಕ್ಕಿ.

ಈ ಚುಕ್ಕಿಯ ಕತೆ ಕೇಳಿ. ಲಾಂಡ್ರಿಯಲ್ಲಿ ಬಟ್ಟೆಗೆ ಹೊಲಿದ ಚೀಟಿ ತಲೆಕೆಳಗಾದರೆ ಆರು ಹೋಗಿ ಒಂಬತ್ತಾಗುತ್ತದೆ. ಹಿಂದೊಮ್ಮೆ ಆರನೇ ನಂಬರಿನ ಸಣಕಲನ ಪ್ಯಾಂಟು ಒಂಬತ್ತನೇ ನಂಬರಿನ ಡೊಳ್ಳು ಹೊಟ್ಟೆಯವನ ಮನೆಗೆ ಹೋಗಿ, ಆತ ಅದನ್ನು ಹಾಕಿಕೊಳ್ಳಲು ಪ್ರಯತ್ನಿಸಿ, ಆಮೇಲೆ ನಡೆದದ್ದನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುವ ಹಾಗಿಲ್ಲ. ಅವತ್ತಿನಿಂದ ಅಪ್ಪ ಆರು ಬರೆದರೆ ಹೊಟ್ಟೆಗೊಂದು ಚುಕ್ಕಿ ಇಡುತ್ತಿದ್ದರು. ಚೀಟಿ ಬರೆಯುವ ಕೆಲಸ ಅಪ್ಪ ಮತ್ತು ಮಗಳದು ಮಾತ್ರ. ಹಾಗಾಗಿ ಆ ಅಭ್ಯಾಸವೂ ಅವರಿಬ್ಬರದೇ.

ಅಕ್ಷರ ಅಕ್ಕನದೇ. ಆದರೆ ಅಕ್ಕನ ತೆರಿಗೆ ನಂಬರಿನಲ್ಲಿ ಆರು ಇಲ್ಲವೇ ಇಲ್ಲ!

"ಮಾಮ," ಎಂದಳು ಅಕ್ಕ. ದನಿ ಇಲಿಯಷ್ಟಾಗಿತ್ತು. "ಇದು ಅಪ್ಪನ ನಂಬರು."

"ಏನಂದೆ?"

ಅವಳು ಎದ್ದು ಕೊಕ್ಕೆಯ ಹತ್ತಿರ ಓಡಿದಳು. ಒಂದೇ ಕೊಕ್ಕೆಗೆ ಎರಡು ಪಟ್ಟಿ. ಮೇಲಿನದು ಅಪ್ಪನ ಕಾಲದ್ದು, ಕೆಂಪು ದಾರದಲ್ಲಿ ಹೊಲಿದ ಅಂಕಿಗಳು, ನಿನ್ನೆ ಹೊಲಿದ ಹಾಗೆ ಮಿಂಚುತ್ತಿದ್ದವು. ಅದನ್ನು ಎತ್ತಿ ನೋಡಿದರೆ ಅಡಿಯಲ್ಲಿ ಅವಳ ಹೊಸ ಪಟ್ಟಿ. ಮಾಮೂಲಿ ಪೆನ್ನಿನ ಇಂಕಿನಲ್ಲಿ ಬರೆದದ್ದು. ಅಪ್ಪ ತೀರಿಕೊಂಡ ಮೇಲೆ ವ್ಯಾಪಾರ ಅವಳ ಹೆಸರಿಗೆ ಆದಾಗ ಸಿಕ್ಕ ನಂಬರು. ಈಗ ಅದು ಬಿಸಿಲಿಗೆ ಬಿದ್ದ ಪೋಸ್ಟರಿನ ಹಾಗೆ ಬಿಳಿಚಿಕೊಂಡು, ಅಂಕಿ ಯಾವುದು ಬಟ್ಟೆಯ ಎಳೆ ಯಾವುದು ತಿಳಿಯುತ್ತಿರಲಿಲ್ಲ.

ಯಾಕೆ ಹೀಗಾಯಿತು?

ಅಕ್ಕ ಹಣೆಗೆ ಕೈ ಹಚ್ಚಿಕೊಂಡಳು. ಮೂರು ತಿಂಗಳ ಹಿಂದೆ, ಸಂಬಳದ ಲೆಕ್ಕ ಇನ್ನು ಮೇಲೆ ತಾನೇ ಬರೆಯುತ್ತೇನೆ ಎಂದು ಮೇಜು ಸ್ವಚ್ಛ ಮಾಡಿದ ದಿನ. ಎರಡೂ ಪಟ್ಟಿಗಳ ಮೇಲೆ ಧೂಳು ಕಂಡಿತ್ತು. ಲಾಂಡ್ರಿಯವರ ಕೈ ಕೊಳೆ ಕಂಡರೆ ಸುಮ್ಮನಿರುತ್ತದೆಯೇ? ಎರಡನ್ನೂ ತೆಗೆದು, ಬ್ಲೀಚಿನಲ್ಲಿ ನೆನೆಸಿ, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಮತ್ತೆ ನೇತು ಹಾಕಿದ್ದಳು. ಇಂಕು ಹೋಯಿತು. ದಾರ ಉಳಿಯಿತು. ಮೇಲಿದ್ದದ್ದು ಕೆಳಗಾಯಿತು, ಕೆಳಗಿದ್ದದ್ದು ಮೇಲೆ ಬಂತು. ಚೆನ್ನಾಗಿ ಕಾಣುವುದನ್ನೇ ನೋಡಿ ಮೂರು ತಿಂಗಳು ಅಚ್ಚುಕಟ್ಟಾಗಿ ಚಲನ್ ಬರೆದಳು.

ಅವಳು ಅಳುತ್ತಾಳೆ ಅಂದುಕೊಂಡಿರಾ? ಅವಳು ಗಂಟೆ ಬಾರಿಸಿದಳು. ಊಟದ ಹೊತ್ತಿಗೆ ಬಾರಿಸುವ ಗಂಟೆ. ತೊಳೆಯುವವರು, ಹಿಂಡುವವನು, ಮಡಿಸುವವಳು, ವ್ಯಾನ್ ಡ್ರೈವರ್, ಎಲ್ಲರೂ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಇಲ್ಲಿಲ್ಲದ ಇಸ್ತ್ರಿ ಅಣ್ಣನೂ ಎರಡು ಹೆಜ್ಜೆ ಒಳಗೆ ಬಂದ.

"ಕಳ್ಳ ಸಿಕ್ಕಿದಾನೆ," ಎಂದಳು ಅಕ್ಕ.

ಎಲ್ಲರೂ ಮಾಮನನ್ನು ನೋಡಿದರು. ಮಾಮ ಛಾವಣಿಯ ಫ್ಯಾನು ನೋಡಿದರು.

"ಅವರಲ್ಲ. ನಾನು." ಅಕ್ಕ ಎರಡೂ ಪಟ್ಟಿಗಳನ್ನು ಎತ್ತಿ ಹಿಡಿದಳು. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು, ಒಂದು ಮಾತೂ ನುಂಗಲಿಲ್ಲ. "ನಿಮ್ಮ ದುಡ್ಡು ಯಾರೂ ತಿಂದಿಲ್ಲ. ತಪ್ಪು ವಿಳಾಸಕ್ಕೆ ಹೋಗಿದೆ. ಕಳಿಸಿದ್ದು ನಾನೇ. ಅಣ್ಣ, ಡ್ರೈವರಪ್ಪ, ಮಾಮ, ನಿಮ್ಮ ಮೂವರ ಮೇಲೂ ಅನುಮಾನ ಪಟ್ಟೆ. ತಪ್ಪಾಯ್ತು."

ಎಲ್ಲರೂ ಹತ್ತಿರ ಬಂದು ಪಟ್ಟಿಗಳನ್ನು ತಿರುಗಿಸಿ ನೋಡಿದರು.

"ಅಕ್ಕ," ಎಂದ ವ್ಯಾನ್ ಡ್ರೈವರ್, "ಒಗೆಯೋಕೆ ಊರ ತುಂಬ ಬಟ್ಟೆ ಇರುವಾಗ ಆ ಎರಡು ಪಟ್ಟೀನೇ ಬೇಕಿತ್ತಾ?"

ಮೊದಲು ನಕ್ಕದ್ದು ಮಾಮ. ಆಮೇಲೆ ಕೋಣೆಯೆಲ್ಲ ನಕ್ಕಿತು. ಇಸ್ತ್ರಿ ಅಣ್ಣ ಮಾತ್ರ ನಗಲಿಲ್ಲ. "ದುಡ್ಡು ವಾಪಸ್ ನಮ್ಮ ಹೆಸರಿಗೆ ಬರತ್ತಾ?"

"ತರ್ತೀನಿ."

"ನಾಲ್ಕು ಗಂಟೆ ಒಳಗೆ?"

"ಅಣ್ಣ, ಸಂಬಳದಲ್ಲಿ ಹಿಡಿದಿದ್ದು ಗಿರಾಕಿ ಬಟ್ಟೆ ಇದ್ದ ಹಾಗೆ. ನಮ್ಮ ಕೈಯಲ್ಲಿರತ್ತೆ, ನಮ್ದಲ್ಲ. ಗಿರಾಕಿ ಬಟ್ಟೆ ಕಳೆದುಹೋದ್ರೆ ನಾವು ಯಾವತ್ತಾದ್ರೂ ಸುಮ್ನೆ ಕೂತಿದೀವಾ?"

ಅವನು ತಲೆಯಾಡಿಸಿದ. ಟೋಪಿ ಸರಿ ಮಾಡಿಕೊಂಡ. "ಡ್ರೈವರ್, ಗಾಡಿ ತೆಗಿ."

ಈಗ ಹಿನ್ನೆಲೆ ಸಂಗೀತ ನೀವೇ ಹಾಕಿಕೊಳ್ಳಿ. ಹೋಟೆಲಿನ ಕೊಳೆ ಬಟ್ಟೆಯ ಮೂಟೆಗಳ ಮಧ್ಯೆ ಅಕ್ಕ, ಮಾಮ, ಬಿಸ್ಕತ್ತಿನ ಡಬ್ಬಿ. ಎರಡು ಸಿಗ್ನಲ್ಲು, ಒಂದು ಮೆರವಣಿಗೆಯಷ್ಟು ಉದ್ದದ ಲಾರಿ ಸಾಲು. ತೆರಿಗೆ ಆಫೀಸಿನ ಮೆಟ್ಟಿಲು ಹತ್ತುವಾಗ ಗಡಿಯಾರದಲ್ಲಿ ಮೂರು ಹತ್ತು.

ಮೂರನೇ ಕೌಂಟರಿನ ಮೇಡಂ ನಗುವುದಕ್ಕೂ ಅರ್ಜಿ ಕೇಳುವಂಥವರು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಸೀಲು. ರಸೀದಿ ನೋಡಿದರು, ಅಪ್ಪ ತೀರಿಕೊಂಡ ಪ್ರಮಾಣಪತ್ರ ನೋಡಿದರು, ಕೀಬೋರ್ಡು ಕುಟ್ಟಿದರು.

"ಹೌದು. ದುಡ್ಡು ಹಳೇ ನಂಬರಲ್ಲಿದೆ. ಮೂರು ತಿಂಗಳದ್ದೂ ಇದೆ."

ಅಕ್ಕ ಕೌಂಟರಿನ ಅಂಚು ಹಿಡಿದುಕೊಂಡಳು.

"ಆದ್ರೆ ಹೊಸ ನಂಬರಿಗೆ ವರ್ಗ ಮಾಡ್ಬೇಕು ಅಂದ್ರೆ ತಡವಾದ ದಂಡ ಕಟ್ಬೇಕು. ಮೂರು ತಿಂಗಳದ್ದು."

"ಯಾಕೆ ಮೇಡಂ?"

"ನಿಮ್ಮ ನಂಬರಿಗೆ ಇವತ್ತು ಬರ್ತಿದೆ. ಅಂದ್ರೆ ತಡ."

ಮಾಮ ಅಕ್ಕನ ಸೆರಗು ಜಗ್ಗಿದರು, ಹೋಗಲಿ ಕಟ್ಟಿಬಿಡೋಣ ಎನ್ನುವ ಹಾಗೆ. ಮೂರು ತಿಂಗಳ ಹಿಂದಿನ ಅಕ್ಕ ಆಗಿದ್ದರೆ ಕಟ್ಟಿಬಿಡುತ್ತಿದ್ದಳು. ಈ ಅಕ್ಕ ಸೆರಗು ಬಿಡಿಸಿಕೊಂಡಳು.

"ಮೇಡಂ, ಬ್ಯಾಂಕಿನ ಸೀಲು ನೋಡಿ. ಐದನೇ ತಾರೀಕು. ಗಡುವು ಏಳು. ದುಡ್ಡು ಸರ್ಕಾರದ ಜೇಬಿಗೆ ಗಡುವಿನ ಒಳಗೇ ಬಿದ್ದಿದೆ. ಎಡಗಡೆ ಜೇಬಲ್ಲಿ ಬಿದ್ದಿದ್ದನ್ನ ಬಲಗಡೆ ಜೇಬಿಗೆ ಹಾಕೊಳ್ಳಿ ಅಂತಿದೀನಿ. ಅದಕ್ಕೆ ನನಗ್ಯಾಕೆ ದಂಡ? ಖಾತೆಗೆ ಬೀಗ ಅಂತ ಕಳಿಸಿದ ನೋಟಿಸಿನ ಹಿಂದೆ ನೀವೇ ಅಚ್ಚು ಹಾಕಿದೀರಲ್ಲ, ನಾಲ್ಕನೇ ಸಾಲು. 'ನಂಬರ್ ತಪ್ಪಾಗಿ ನಮೂದಾದಲ್ಲಿ ಪಾವತಿಯ ಮೂಲ ದಿನಾಂಕವೇ ಮಾನ್ಯ.'"

ಮೇಡಂ ನೋಟಿಸು ತಿರುಗಿಸಿದರು. ನಾಲ್ಕನೇ ಸಾಲು ಓದಿದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಆ ಸಾಲು ಅವರಿಗೂ ಇವತ್ತೇ ಸಿಕ್ಕಿರಬೇಕು.

"ಸರಿ. ಯಾರ್ಯಾರದ್ದು ಎಷ್ಟೆಷ್ಟು, ವಿವರ ಕೊಡಿ. ಪೂರ್ತಿ ಸಂಬಳ, ಹಿಡಿದಿದ್ದು, ಕೈಗೆ ಕೊಟ್ಟಿದ್ದು, ಮಾಲೀಕರ ಪಾಲು. ಇಲ್ಲ ಅಂದ್ರೆ ನಾಳೆ ಬನ್ನಿ."

ಅಕ್ಕ ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ಒಂದು ದಿಂಬಿನ ಕವರು. ಕೌಂಟರಿನ ಮೇಲೆ ಪಟ್ಟನೆ ಹರಡಿದಳು. ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿದರು.

"ಏನ್ರೀ ಇದು?"

"ಸಂಬಳದ ಪಟ್ಟಿ ಮೇಡಂ. ಆರು ಜನ, ಮೂರು ತಿಂಗಳು."

"ದಿಂಬಿನ ಮೇಲಾ?"

"ಕವರಿನ ಮೇಲೆ. ಒಗೆದಿದೆ."

ಮೇಡಂ ಬೆರಳಿಟ್ಟು ಮೊದಲ ಸಾಲು ಕೂಡಿದರು. ಸರಿ. ಎರಡನೆಯದು, ಸರಿ. ಕ್ಯಾಲ್ಕುಲೇಟರ್ ತೆಗೆದು ಒಟ್ಟು ಕೂಡಿದರು, ರಸೀದಿಯ ಪಕ್ಕ ಇಟ್ಟರು. ಕೊನೆಯ ಪೈಸೆಯವರೆಗೂ ಸರಿ. ಅವರ ಮೂಗಿನ ತುದಿಯ ಕನ್ನಡಕ ಮೊದಲ ಸಲ ಮೇಲಕ್ಕೆ ಏರಿತು.

"ಯಾರು ಕಲಿಸಿದ್ರು ನಿಮಗೆ ಇದನ್ನ?"

"ಇವರೇ." ಅಕ್ಕ ಮಾಮನನ್ನು ಮುಂದೆ ಎಳೆದಳು. ಮಾಮ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ಬಹುಮಾನ ಬಂದ ಶಾಲಾ ಹುಡುಗನ ಹಾಗೆ ನಿಂತರು.

ಗಡಿಯಾರದಲ್ಲಿ ಮೂರು ಐವತ್ತು. ಪ್ರಿಂಟರು ಕೊರ್ ಕೊರ್ ಎಂದಿತು. ಸೀಲು ಮೇಲೆದ್ದಿತು. ಧಡ್! ಸೀಲು ಬಿದ್ದ ಕೂಡಲೇ ಅಕ್ಕ ಹೊರಗೆ ಓಡಿ ಬಂದಳು, ಮೆಟ್ಟಿಲು ಎರಡೆರಡಾಗಿ ಇಳಿದಳು.

ಲಾಂಡ್ರಿಯ ಬಾಗಿಲಲ್ಲಿ ಐದೂ ಜನ ಸಾಲಾಗಿ ನಿಂತಿದ್ದರು. ವ್ಯಾನಿನಿಂದ ಅಕ್ಕ ಇಳಿಯುವ ಮೊದಲೇ ಡ್ರೈವರ್ ಹಾರ್ನ್ ಹೊಡೆದು ಫಲಿತಾಂಶ ಹೇಳಿಬಿಟ್ಟಿದ್ದ. ಅವಳು ಆರು ಕಾಗದಗಳನ್ನು ಒಂದೊಂದಾಗಿ ಕೊಟ್ಟಳು. ಇಸ್ತ್ರಿ ಅಣ್ಣ ತನ್ನದನ್ನು ಎರಡು ಸಲ ಓದಿದ. ಮೂರು ತಿಂಗಳು, ಮೂರು ಮೊತ್ತ. ಸೊನ್ನೆ ಎಲ್ಲೂ ಒಂಟಿಯಾಗಿರಲಿಲ್ಲ.

"ಅಕ್ಕ, ಇದನ್ನ ಇಲ್ಲಿ ಇಡಲ್ಲ," ಎಂದ. "ಟಿಶ್ಯೂ ಆಗಿಬಿಡತ್ತೆ." ಕಾಗದವನ್ನು ಟೋಪಿಯೊಳಗೆ ಇಟ್ಟು, ಟೋಪಿಯನ್ನು ತಲೆಗೆ ಒತ್ತಿಕೊಂಡ. ಆಮೇಲೆ ಅಕ್ಕನ ಕಡೆ ತಿರುಗಿದ. "ಅವತ್ತು ಎಲ್ಲರ ಮುಂದೆ ಕೇಳಿಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ."

"ನೀವು ಕೇಳಿದ್ದಕ್ಕೇ ಸಿಕ್ತು ಅಣ್ಣ. ಇನ್ನು ಮೇಲೂ ಕೇಳಿ. ತಿಂಗಳಿಗೊಂದ್ಸಲ, ಎಲ್ಲರ ಮುಂದೆ."

ಆ ಸಂಜೆ ಅಕ್ಕ ತನ್ನ ನಂಬರನ್ನು ಹೊಸ ಪಟ್ಟಿಯ ಮೇಲೆ ನೀಲಿ ದಾರದಲ್ಲಿ ಹೊಲಿದಳು. ಮಾಮ ಪಕ್ಕದಲ್ಲಿ ಕೂತು ಒಂದೊಂದೇ ಅಂಕಿ ಓದಿ ಹೇಳಿದರು. ಹೊಲಿದು ಮುಗಿದ ಮೇಲೆ ಇಬ್ಬರೂ ಸೇರಿ ಬ್ಲೀಚಿನ ಡಬ್ಬವನ್ನು ಕೋಣೆಯ ಆಚೆ ತುದಿಗೆ ತಳ್ಳಿದರು.

ಕಳ್ಳ ಸಿಕ್ಕ ಹಾಗಾಯಿತು. ಮೀಸೆಯೂ ಉಳಿಯಿತು. ಮೀಸೆ ಅಂದರೆ, ಇನ್ನೂ ಸರಿಯಾಗಿ ಬಂದಿಲ್ಲ, ಬಂದಷ್ಟು ಉಳಿಯಿತು.

ಆದರೆ ಒಂದು ಸುಳ್ಳು ಹೇಳಿದ್ದೇನೆ. ಒಪ್ಪಿಕೊಂಡುಬಿಡುತ್ತೇನೆ. ಸೀಲು ಬಿದ್ದ ಕೂಡಲೇ ಅಕ್ಕ ಹೊರಗೆ ಓಡಿ ಬಂದಳು ಎಂದೆನಲ್ಲ, ಬರಲಿಲ್ಲ. ಗೆಲುವಿನ ರುಚಿ ಕೆಡುತ್ತದೆಂದು ನಡುವಿನ ಐದು ನಿಮಿಷ ಕತ್ತರಿಸಿ ಹಾಕಿದ್ದೆ. ಮಾಮ ಆಗಲೇ ಡ್ರೈವರಿಗೆ ಸುದ್ದಿ ಹೇಳಲು ಕೆಳಗಿಳಿದಿದ್ದರು. ಕೌಂಟರಿನ ಮುಂದೆ ಅಕ್ಕ ಒಬ್ಬಳೇ. ನಿಜವಾಗಿ ನಡೆದದ್ದು ಇದು.

"ಒಂದು ನಿಮಿಷ," ಎಂದಿದ್ದರು ಮೇಡಂ. "ತೀರಿಕೊಂಡವರ ನಂಬರಿಗೆ ದುಡ್ಡು ಕಟ್ಟಿದ್ರೆ ಬ್ಯಾಂಕೇ ವಾಪಸ್ ಕಳಿಸತ್ತೆ. ನಿಮ್ಮದು ಯಾಕೆ ವಾಪಸ್ ಬರ್ಲಿಲ್ಲ ಗೊತ್ತಾ? ಈ ನಂಬರ್ ಇನ್ನೂ ಓಡ್ತಿದೆ."

"ಅಪ್ಪ ಹೋಗಿ ಎರಡು ವರ್ಷ ಆಯ್ತು ಮೇಡಂ."

"ಎರಡು ವರ್ಷದಿಂದ ಪ್ರತಿ ತಿಂಗಳೂ ಇದಕ್ಕೆ ಒಬ್ಬರ ಸಂಬಳದ ತೆರಿಗೆ ಬರ್ತಿದೆ. ನಿಮ್ಮ ತಂದೆ ಏಳು ಜನಕ್ಕೆ ಕಟ್ತಿದ್ರು. ಆರು ಜನ ನಿಮ್ಮ ನಂಬರಿಗೆ ಬಂದ್ರು. ಏಳನೆಯವರು ಇಲ್ಲೇ ಇದ್ದಾರೆ. ಹೆಸರಿನ ಜಾಗದಲ್ಲಿ ಬರೀ ಏಳು ಅಂತಿದೆ. ಇದನ್ನ ನೀವು ಕಟ್ತಿಲ್ವಾ?"

ಮೇಡಂ ಪರದೆಯನ್ನು ಅವಳ ಕಡೆ ತಿರುಗಿಸಿದರು. ಕೈಯಲ್ಲಿ ಬರೆದ ಚಲನಿನ ಚಿತ್ರ. ತಾರೀಕು ಮೊನ್ನೆಯದು. ಅಪ್ಪನ ನಂಬರು. ಕೊನೆಯ ಎರಡು ಅಂಕಿ, ಆರು, ಎರಡು.

ಆ ಆರರ ಹೊಟ್ಟೆಯೊಳಗೆ ಒಂದು ಸಣ್ಣ ಚುಕ್ಕಿ ಇತ್ತು.

ಅಕ್ಷರ ಅಕ್ಕನದಾಗಿರಲಿಲ್ಲ.